ಹೊಂಗೆ ಮರದಿಂದ ಕಾಣೆಯಾದ ಕುಳ್ಳಮ್ಮನವರ ಫೋನಿನ ಬಗ್ಗೆ

ಸಂಖ್ಯೆ: ಮೊಕತ/ಹೊಂಗೆ/07/2024-25

ಸುತ್ತೋಲೆ

ವಿಷಯ: ಮರಕ್ಕೆ ನೇತುಹಾಕಿದ ಮೊಬೈಲ್ ಫೋನುಗಳ ಕಳವು ಮತ್ತು ಮುಂಜಾಗ್ರತೆ ಕುರಿತು.

ಉಲ್ಲೇಖ: 1) ಶ್ರೀಮತಿ ಕುಳ್ಳಮ್ಮನವರ ಮೌಖಿಕ ದೂರು, ಸೋಮವಾರ.
2) ಸದರಿ ದೂರನ್ನು ಹಿಂಪಡೆದು ಅವರೇ ನೀಡಿದ ಹೇಳಿಕೆ, ಬುಧವಾರ.

ಪ್ರಸ್ತಾವನೆ:

ಎನ್. ಬೇಗೂರಿನಾಚೆಯ ಈ ಕಾಡಂಚಿನ ಊರಿನಲ್ಲಿ ಬಸ್ ನಿಲ್ಲುವ ಜಾಗದ ಹೊಂಗೆ ಮರವೊಂದನ್ನು ಬಿಟ್ಟರೆ ಬೇರೆಲ್ಲೂ ನೆಟ್‌ವರ್ಕ್ ಸಿಗುವುದಿಲ್ಲ. ಆದ್ದರಿಂದ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಂಬೆಗೆ ಕಟ್ಟಿ ಹೊಲಕ್ಕೆ ಹೋಗುವುದು ಊರಿನ ರೂಢಿ. ಯಾರ ಫೋನ್ ಬಡಿದುಕೊಂಡರೂ ಮರದಡಿ ಇದ್ದವರು ಎತ್ತಿ, ಸುದ್ದಿಯನ್ನು ಆ ಮನೆಗೆ ಮುಟ್ಟಿಸಿ ಬರುವುದೂ ರೂಢಿಯೇ.

ಕುಳ್ಳಮ್ಮನವರ ಮಗಳು ಪವಿತ್ರ ಎರಡನೇ ಹೆರಿಗೆಗೆಂದು ಪಿರಿಯಾಪಟ್ಟಣದಲ್ಲಿ ಆಸ್ಪತ್ರೆ ಸೇರಿದ್ದರು. ಮೊದಲನೆಯದರಲ್ಲಿ ಜೀವ ಹೋಗಿ ಬಂದಂತಾಗಿತ್ತು. ಮನೆಯ ಹಸುವೂ ಅದೇ ವಾರ ಕರು ಹಾಕಲು ನಿಂತಿದ್ದರಿಂದ ತಾಯಿ ಹೊರಡಲಾಗದೆ, ಅಳಿಯನ ಕರೆಗಾಗಿ ದಿನಕ್ಕೆ ಹತ್ತು ಬಾರಿ ಮರದ ಬುಡಕ್ಕೆ ಬಂದು ಹೋಗುತ್ತಿದ್ದರು. ಅಳಿಯನ ಬಳಿ ಇದ್ದದ್ದು ಆ ಒಂದೇ ನಂಬರು. ಸೋಮವಾರ ಮಧ್ಯಾಹ್ನ ನೋಡಿದರೆ ಕೊಂಬೆ ಇತ್ತು, ಕವರೂ ಇತ್ತು, ಫೋನ್ ಇರಲಿಲ್ಲ. ಆ ತಾಯಿ ಅನ್ನ ಮುಟ್ಟಲಿಲ್ಲ ಎಂಬುದನ್ನು ಈ ಕಳವು ತಡೆ ಘಟಕವು ವಿಷಾದದಿಂದ ದಾಖಲಿಸುತ್ತದೆ.

ಈ ಹಿನ್ನೆಲೆಯಲ್ಲಿ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಫೋನ್ ಕಳುವಾದ ಕೂಡಲೇ ಸಿಮ್ ನಿಲ್ಲಿಸಿ, ಪೊಲೀಸ್ ಠಾಣೆಗೆ ದೂರು ಕೊಡತಕ್ಕದ್ದು. ಫೋನಿನ ಹದಿನೈದು ಅಂಕಿಗಳ ಐಎಂಇಐ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು. ಅದನ್ನು ಅದೇ ಫೋನಿನಲ್ಲಿ ಬರೆದಿಟ್ಟಿರುವ ನಂಜಣ್ಣನವರಂಥವರು ಮತ್ತೊಮ್ಮೆ ಯೋಚಿಸತಕ್ಕದ್ದು.

2. ಲಾಕ್ ತೆಗೆಯುವ ಅಂಕಿಗಳನ್ನು ಸುಣ್ಣದಿಂದ ಮರದ ಕಾಂಡದ ಮೇಲೆ ಬರೆಯುವುದನ್ನು ನಿಷೇಧಿಸಲಾಗಿದೆ. ಬರೆದಿರುವುದನ್ನು ಅಳಿಸಿದ ಬಳಿಕ ತಮ್ಮ ಅಂಕಿ ಮರೆತವರು ನೆರೆಯವರನ್ನು ಕೇಳಿ ತಿಳಿಯಬಹುದು.

3. ಫೋನುಗಳನ್ನು ಕಳ್ಳನ ಕೈಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟತಕ್ಕದ್ದು. ಮಾಲೀಕರಿಗೂ ಎಟುಕದಿದ್ದಲ್ಲಿ ಏಣಿಗಾಗಿ ಅರ್ಜಿ ಸಲ್ಲಿಸತಕ್ಕದ್ದು. ಏಣಿ ಬರುವವರೆಗೆ ಕರೆ ಮಾಡಿದವರು ಕಾಯತಕ್ಕದ್ದು.

4. ಏಣಿ ಕಳುವಾಗದಂತೆ ಅದನ್ನೂ ಮರದ ಮೇಲೆಯೇ ಇಡತಕ್ಕದ್ದು.

5. ಮಂಗಳವಾರ ನಡೆದ ಸಂಗತಿಯನ್ನು ಇಲ್ಲಿ ನಮೂದಿಸದೆ ವಿಧಿಯಿಲ್ಲ. ಮರದ ಬಳಿ ಹಾದುಹೋಗುತ್ತಿದ್ದ ಆರೋಪಿಯ ಜೇಬಿನಲ್ಲಿ ಕುಳ್ಳಮ್ಮನವರ ಫೋನ್ ಅಳಿಯನ ಕರೆಯಿಂದ ಬಡಿದುಕೊಂಡಿದೆ. ಮರದಡಿ ಬೆಳೆದ ಅಭ್ಯಾಸಬಲದಿಂದ ಆತ ಎತ್ತಿದ್ದಾನೆ. ಸುದ್ದಿ ಕೇಳಿದ ಮೇಲೆ ಸುಮ್ಮನಿರಲಾಗದೆ ಕುಳ್ಳಮ್ಮನವರ ಮನೆಗೆ ಓಡಿ, "ಅವ್ವಾ, ಎಣ್ಣು ಮಗ ಕಣವ್ವ. ಇಬ್ರೂ ಚೆನ್ನಾಗವ್ರಂತೆ" ಎಂದಿದ್ದಾನೆ. ಕುಳ್ಳಮ್ಮನವರು ಅತ್ತು, ಆತನ ಬಾಯಿಗೆ ಬೆಲ್ಲ ಹಾಕಿ, ಕಾಫಿ ಕೊಟ್ಟಿದ್ದಾರೆ. ಲೋಟ ತೊಳೆಯುವಾಗಲಷ್ಟೇ ಅವರಿಗೆ ಫೋನಿನ ನೆನಪಾಗಿದೆ. ಅಷ್ಟರಲ್ಲಿ ಆರೋಪಿಯೂ ಇರಲಿಲ್ಲ, ಫೋನೂ ಇರಲಿಲ್ಲ.

6. ಇನ್ನು ಮುಂದೆ ಸುದ್ದಿ ಮುಟ್ಟಿಸಲು ಬರುವ ಕಳ್ಳರು ಫೋನನ್ನೂ ಮುಟ್ಟಿಸಿ ಹೋಗತಕ್ಕದ್ದು.

7. ಆರೋಪಿಯ ಗುರುತು ಕೇಳಲಾಗಿ ಕುಳ್ಳಮ್ಮನವರು, "ಮೊಕ ಎಲ್ ನೋಡ್ಲಿ ಸ್ವಾಮಿ, ಸುದ್ದಿ ಕೇಳ್ತಿದ್ದೆ. ನನ್ ಮಗ್ಳು ಬದುಕವ್ಳೆ ಅಂತ ಓಡ್ ಬಂದು ಹೇಳ್ದೋನ್ನ ಕಳ್ಳ ಅಂತ ಎಂಗ್ ಬರೆಸ್ಲಿ? ಬುಡಿ" ಎಂದು ಹೇಳಿ ಹೆಬ್ಬೆಟ್ಟು ಒತ್ತಿರುತ್ತಾರೆ. ಈ ಹೇಳಿಕೆಯನ್ನು ಯಾವ ನಮೂನೆಯಲ್ಲಿ ಸೇರಿಸಬೇಕೆಂಬುದು ಪರಿಶೀಲನೆಯಲ್ಲಿದೆ.

(ಸಹಿ/-)
ಶರತ್
ಪ್ರಭಾರ ಮೇಲ್ವಿಚಾರಕರು
ಮೊಬೈಲ್ ಕಳವು ತಡೆ ಘಟಕ

ಪ್ರತಿಗಳು:

1. ನಂಜಣ್ಣನವರಿಗೆ, ಕಾಗದದಲ್ಲಿ ಬರೆದುಕೊಳ್ಳುವ ಸಲುವಾಗಿ.
2. ಏಣಿ ಹೊಂದಿರುವ ದೊಡ್ಡಬೀರಯ್ಯನವರಿಗೆ, ಅನುಸರಣೆಗಾಗಿ.
3. ಹೊಂಗೆ ಮರಕ್ಕೆ, ಮೊಳೆ ಹೊಡೆಯದೆ ದಾರದಿಂದ ಕಟ್ಟುವುದು.
4. ಆರೋಪಿಗೆ: ಬಾಣಂತಿ ಮಗುವಿನೊಂದಿಗೆ ತವರಿಗೆ ಬರುವ ಭಾನುವಾರದ ಊಟಕ್ಕೆ ಹಾಜರಾಗತಕ್ಕದ್ದು. ಬರುವಾಗ ಫೋನ್ ತರತಕ್ಕದ್ದು. ತರದಿದ್ದರೂ ಊಟಕ್ಕೆ ಮಾತ್ರ ತಪ್ಪದೆ ಬರತಕ್ಕದ್ದು ಎಂದು ಕುಳ್ಳಮ್ಮನವರು ಪಕ್ಕದಲ್ಲೇ ನಿಂತು ಸೇರಿಸಿರುತ್ತಾರೆ.