ಕಾಫಿ ಕಣದ ಪೈಲಟ್ಟು

ನಮ್ಮ ಭಾವ ಸುಮ್ಮನೆ ಕೂತಿದ್ದನ್ನು ಕಂಡಿದ್ದೇನೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಬೇಕಾದರೆ ಅವರ ಮದುವೆಯ ಫೋಟೋ ನೋಡಿ! ನಮ್ಮಕ್ಕ ಕಣ್ಣು, ಮೂಗು, ಮೂಗುತಿ ಸಮೇತ ಸ್ಪಷ್ಟವಾಗಿ ಕೂತಿದ್ದಾಳೆ. ಪಕ್ಕದಲ್ಲಿ ಬಾಸಿಂಗದ ಕೆಳಗೆ ಏನೋ ಒಂದು ಮಸುಕು. ಆ ಮಸುಕೇ ನಮ್ಮ ಭಾವ. ಫೋಟೋದವನು "ಅಲ್ಲಾಡಬೇಡಿ" ಎಂದಾಗ "ಯಾಕೆ?" ಎಂದು ಪಕ್ಕಕ್ಕೆ ತಿರುಗಿ ಕೇಳಿದ್ದರಂತೆ.

ಇಂಥವರು ಯಸಳೂರು ಕಡೆಯ ತೋಟದ ರಸ್ತೆಗಳಲ್ಲಿ ಮೂವತ್ತೈದು ವರ್ಷ ಬಾಡಿಗೆ ಜೀಪು ಓಡಿಸಿದರು. ಆಳುಗಳು, ಕಾಫಿ ಮೂಟೆ, ಹೆರಿಗೆ ನೋವಿನ ಹೆಂಗಸರು, ಮದುವೆ ದಿಬ್ಬಣ, ಎಲ್ಲವೂ ಆ ಜೀಪಿನಲ್ಲೇ. ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೋಣಿಗಲ್ ಇಳಿಜಾರಿನಲ್ಲಿ ಹೋಗುತ್ತಿದ್ದಾಗ, ಸ್ಟಿಯರಿಂಗ್ ಹಿಡಿದಂತೆಯೇ ಪ್ರಜ್ಞೆ ತಪ್ಪಿಬಿಟ್ಟರು. ಪುಣ್ಯಕ್ಕೆ ಜೀಪು ಕಣಿವೆ ಕಡೆ ಹೋಗದೆ ಗುಡ್ಡದ ಕಡೆಯ ಚರಂಡಿಗೆ ಇಳಿದು ನಿಂತಿತು. ಅಕ್ಕನಿಗೆ ಹಣೆಯ ಮೇಲೆ ಮೂರು ಹೊಲಿಗೆ ಬಿತ್ತು, ಎರಡು ಬಳೆ ಹೋಯಿತು. ಭಾವನಿಗೆ ಮೈಮೇಲೆ ಒಂದು ಗೀರೂ ಇಲ್ಲ! ಆದರೆ ಡಾಕ್ಟರು, "ಇದು ಫಿಟ್ಸು. ಇನ್ನು ಗಾಡಿ ಮುಟ್ಟಕೂಡದು" ಎಂದುಬಿಟ್ಟರು.

ಅಲ್ಲಿಗೆ ಶುರುವಾಯಿತು ನೋಡಿ ಮನೆಯವರ ಗ್ರಹಚಾರ. ಭಾವ ಮಿಕ್ಸಿ ಬಿಚ್ಚಿದರು, ಪಂಪು ಬಿಚ್ಚಿದರು, ಗೋಡೆ ಗಡಿಯಾರ ಬಿಚ್ಚಿದರು. ಮತ್ತೆ ಜೋಡಿಸಿದಾಗಲೆಲ್ಲ ಎರಡು ಸ್ಕ್ರೂ ಉಳಿಯುತ್ತಿದ್ದವು. "ಕಂಪನಿಯೋರು ಜಾಸ್ತಿ ಹಾಕಿರ್ತಾರೆ ಕಣೋ" ಎನ್ನುತ್ತಿದ್ದರು. ಬಸ್ಸು ಹತ್ತಿದರೆ ಡ್ರೈವರಿನ ಹಿಂದೆಯೇ ಕೂತು, ಇಲ್ಲದ ಬ್ರೇಕು ಒತ್ತುತ್ತಾ, "ಸೆಕೆಂಡಿಗೆ ಹಾಕಪ್ಪ, ತಿರುವು ಐತೆ" ಎಂದು ಸಕಲೇಶಪುರ ಮುಟ್ಟುವವರೆಗೂ ಹೇಳಿದ್ದೇ ಹೇಳಿದ್ದು. ಕೊನೆಗೆ ಡ್ರೈವರು ಕೈಮುಗಿದು, "ಯಜಮಾನ್ರೆ, ನಾಳೆಯಿಂದ ಹಿಂದಿನ ಬಸ್ಸಿಗೆ ಬನ್ನಿ" ಎಂದನಂತೆ.

ಒಂದು ಮಧ್ಯಾಹ್ನ ಅಕ್ಕ ಆಲೂರಿನಲ್ಲಿದ್ದ ನನಗೆ ಫೋನು ಮಾಡಿದಳು. "ಶೆಡ್ಡಲ್ಲಿ ಜೀಪೊಳಗೆ ಕೂತ್ಕಂಡು ಬಾಯಲ್ಲೇ ಬುರ್ ಅಂತಾ ಅವ್ರೆ ಕಣೋ. ಇವತ್ತು ಬಾಯಲ್ಲಿ, ನಾಳೆ ಕೀಲಿ ಹುಡುಕ್ತಾರೆ. ರಸ್ತೇಲಿ ಮತ್ತೆ ಫಿಟ್ಸ್ ಬಂದ್ರೆ ನಾನೇನ್ ಮಾಡ್ಲಿ? ಏನಾರ ಮಾಡೋ!"

ನಾನು ಮಾಡಿದ್ದು ಇಷ್ಟೇ. ರಿಮೋಟಿನಲ್ಲಿ ಹಾರಿಸುವ ಒಂದು ವಿಮಾನ ತರಿಸಿಕೊಟ್ಟೆ. ಥರ್ಮಾಕೋಲಿನಂಥ ಹಗುರ ಮೈ, ಮೂತಿಯಲ್ಲೊಂದು ಫ್ಯಾನು, ಹೊಟ್ಟೆಯೊಳಗೆ ಬ್ಯಾಟರಿ. ಕೈಯಲ್ಲಿ ಹಿಡಿಯುವ ರಿಮೋಟಿಗೆ ಎರಡು ಕಡ್ಡಿ. ಓಡಿಸುವುದಕ್ಕೆ ಏನೋ ಒಂದು ಇದ್ದರೆ ಕೈ ಸುಮ್ಮನಾದೀತು ಎಂಬುದು ನನ್ನ ಲೆಕ್ಕಾಚಾರ. ಎಂಥಾ ಬುದ್ಧಿವಂತ ನಾನು!

ಹೊಸ ಗಾಡಿ ಅಂದ ಮೇಲೆ ಪೂಜೆ ಬೇಡವೇ? ಮನೆ ಮುಂದೆ ಕಾಫಿ ಒಣಹಾಕುವ ಕಣವೇ ರನ್‌ವೇ. ಭಾವ ವಿಮಾನಕ್ಕೆ ಅರಿಶಿನ ಕುಂಕುಮ ಹಚ್ಚಿ, ರೆಕ್ಕೆಗೆ ಸೇವಂತಿಗೆ ಸುತ್ತಿ, ಮೂರು ಚಕ್ರದ ಮುಂದೆ ಮೂರು ನಿಂಬೆಹಣ್ಣು ಇಟ್ಟು, ಗಂಟೆ ಬಾರಿಸಿ, ಕಡ್ಡಿಯನ್ನು ಪೂರ್ತಿ ದೂಡಿದರು. ಜೀಪಾದರೆ ನಿಂಬೆಹಣ್ಣು ಪಚಕ್ಕನೆ ಒಡೆಯುತ್ತದೆ. ಒಂದು ಕೇಜಿಯೂ ತೂಗದ ವಿಮಾನಕ್ಕೆ ನಿಂಬೆಹಣ್ಣೇ ಗುಡ್ಡ! ಎಡವಿ ಮೂತಿ ಮುಗ್ಗರಿಸಿತು, ಫ್ಯಾನು ಎರಡು ತುಂಡು. ಭಾವ ಮಾತ್ರ ನಿಶ್ಚಿಂತೆಯಿಂದ "ದೃಷ್ಟಿ ಹೋಯ್ತು ಬಿಡು" ಎಂದರು.

ಬೇರೆ ಫ್ಯಾನು ಹಾಕಿದ ಮೇಲೆ ಮುಂದಿನ ತೊಂದರೆ ಎಡ ಬಲದ್ದು. ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಎಡವೇ. ನಮ್ಮ ಕಡೆ ಮುಖ ಮಾಡಿ ಬರುವಾಗ ಅದರ ಎಡ ನಮ್ಮ ಬಲ. ಭಾವ ಇದನ್ನು ಖಡಾಖಂಡಿತವಾಗಿ ಒಪ್ಪಲಿಲ್ಲ.

"ಮೂವತ್ತೈದು ವರ್ಷ ಓಡ್ಸಿದೀನಿ ಮಾರಾಯ. ಸ್ಟಿಯರಿಂಗ್‌ನ ಯಾವನಾದ್ರೂ ಗಾಡಿ ಎದ್ರುಗಡೆ ನಿಂತ್ಕಂಡು ತಿರುಗುಸ್ತಾನೇನೋ?"

"ಹಾಗಾದ್ರೆ ಏನ್ಮಾಡ್ತೀರಿ ಭಾವ?"

"ಯಾವಾಗ್ಲೂ ಅದ್ರ ಹಿಂದೇನೇ ಇರ್ತೀನಿ."

ಹಿಂದೆಯೇ ಇದ್ದರು! ವಿಮಾನ ಮೇಲೆ, ಭಾವ ಕೆಳಗೆ, ಕತ್ತು ಎತ್ತಿಕೊಂಡು ಓಟ. ಕಣ ಮುಗಿದದ್ದು ವಿಮಾನಕ್ಕೆ ಗೊತ್ತಾಗಬೇಕಿರಲಿಲ್ಲ, ಭಾವನಿಗೆ ಗೊತ್ತಾಗಬೇಕಿತ್ತು. ಕಾಫಿ ಗಿಡಗಳ ನಡುವಿನಿಂದ ಅವರನ್ನು ಎಳೆದು ತೆಗೆಯುವಷ್ಟರಲ್ಲಿ ಅಕ್ಕನಿಗೆ ಉಸಿರೇ ನಿಂತಿತ್ತು. ಮತ್ತೆ ಫಿಟ್ಸ್ ಬಂತೆಂದೇ ಅವಳು ಓಡಿ ಬಂದಿದ್ದಳು.

ಕೊಯ್ಲಿನ ಕಾಲದಲ್ಲಿ ಕಣದ ತುಂಬ ಕಾಫಿ ಹರಡಿತ್ತು. ವಿಮಾನಕ್ಕೆ ಅದೆಲ್ಲ ಗೊತ್ತೇ? ಸೀದಾ ಅದರೊಳಗೆ ನುಗ್ಗಿತು. ಫ್ಯಾನು ಎರಚಿದ ಕಾಫಿ ಬೀಜ ಅಕ್ಕನ ತುರುಬಿನಲ್ಲಿ, ಹಂಚಿನ ಮೇಲೆ, ನಾಯಿಯ ಕಿವಿಯಲ್ಲಿ!

"ಇನ್ನೊಂದ್ಸಲ ನನ್ ಕಾಫಿ ಮೇಲೆ ಬಿದ್ರೆ, ಇದು ಹಂಡೆ ಒಲೆಗೆ!" ಎಂದು ಅಕ್ಕ ಗುಡುಗಿದಳು.

ಬೆಳಿಗ್ಗೆ ನೋಡಿದರೆ ಅವಳೇ ಕಾಫಿಯನ್ನೆಲ್ಲ ಅರ್ಧ ಕಣಕ್ಕೆ ಗೋರಿ, ಉಳಿದರ್ಧ ನುಣ್ಣಗೆ ಗುಡಿಸಿಟ್ಟಿದ್ದಾಳೆ. ಕೇಳಿದ್ದಕ್ಕೆ, "ವಿಮಾನಕ್ಕಲ್ಲ ಕಣೋ, ನೆಲಕ್ಕೆ ಒಸಿ ಬಿಸ್ಲು ಬೀಳ್ಲಿ ಅಂತ" ಎಂದಳು.

ಆಮೇಲೆ ಮೆಣಸಿನ ಕಾಲ ಬಂತು. ಮೆಣಸಿನ ಬಳ್ಳಿ ಹಬ್ಬಿಸಿದ ಎತ್ತರದ ಸಿಲ್ವರ್ ಮರಗಳಿಗೂ ಆ ವಿಮಾನಕ್ಕೂ ಅದ್ಯಾವ ಜನ್ಮದ ನಂಟೋ, ದಿನಕ್ಕೊಂದು ಮರದಲ್ಲಿ ಹೋಗಿ ಕೂರುತ್ತಿತ್ತು. ಮೆಣಸು ಕೊಯ್ಯಲು ಬರುವ ಚಿಕ್ಕಯ್ಯ ಉದ್ದನೆಯ ಬಿದಿರೇಣಿ ಹೊತ್ತು ಬಂದವನೇ ಕೇಳುತ್ತಿದ್ದ: "ಅಣ್ಣೋ, ಇವತ್ತು ಮೊದ್ಲು ಮೆಣಸು ಇಳಿಸ್ಲೋ, ವಿಮಾನ ಇಳಿಸ್ಲೋ?"

ಕಡೆಗೆ ಹಾಸನದಲ್ಲಿ ಇಂಥದೇ ಹುಚ್ಚಿನ ಒಬ್ಬರು ಸಿಕ್ಕಿ, ಫೋನಿನಲ್ಲೇ ಉಪಾಯ ಹೇಳಿಕೊಟ್ಟರು. ವಿಮಾನ ಎದುರಿಗೆ ಬರುವಾಗ ಎಡ ಬಲ ಯೋಚಿಸಲೇಬೇಡಿ. ಯಾವ ಕಡೆ ರೆಕ್ಕೆ ಬಾಗಿದಂತೆ ಕಾಣುತ್ತದೋ ಆ ಕಡೆಗೇ ಕಡ್ಡಿ ದೂಡಿ, ಊರುಗೋಲು ಕೊಟ್ಟ ಹಾಗೆ, ಅದು ಎದ್ದುಕೊಳ್ಳುತ್ತದೆ. ಗಾಳಿ ಏಳುವ ಮೊದಲೇ ಹಾರಿಸಿ.

ಮುಂದಿನ ಭಾನುವಾರ ಬೆಳಿಗ್ಗೆ ನಾನೂ ಅಲ್ಲಿದ್ದೆ. ವಿಮಾನ ಕಣದಿಂದ ಎದ್ದು, ಸಿಲ್ವರ್ ಮರಗಳ ತುದಿ ದಾಟಿ, ಮೂರು ಸುತ್ತು ಬಂದು, ಎರಡು ಸಲ ಕುಪ್ಪಳಿಸಿ ಕಣದ ಮೇಲೇ ನಿಂತಿತು. ಚಿಕ್ಕಯ್ಯ ಏಣಿಯ ಮೇಲಿಂದಲೇ ಶಿಳ್ಳೆ ಹೊಡೆದ. "ಗೆದ್ಬುಟ್ರಲ್ಲ ಭಾವ!" ಎಂದು ನಾನು ಕುಣಿದೆ.

ಭಾವ ನಗಲಿಲ್ಲ. ಕಣದ ಮೇಲೇ ಕುಸಿದು ಕೂತರು.

"ಇದ್ರೊಳಗೆ ಯಾರೂ ಕೂತಿರಲ್ಲ ನೋಡು," ಎಂದರು. "ಎಷ್ಟ್ ಸಲ ಬಿದ್ರೂ ಯಾರ್ಗೂ ಏನೂ ಆಗಲ್ಲ. ಅವತ್ತು ಅವ್ಳು ಪಕ್ಕದಲ್ಲೇ ಕೂತಿದ್ಲು ಕಣೋ. ನಾನು ಕಣ್ ಬಿಟ್ಟಾಗ ಅವ್ಳ ಮುಖದ ತುಂಬ ರಕ್ತ. ನಾನೇ ಕೊಂದ್ಬುಟ್ಟೆ ಅನ್ಕಂಡೆ."

ಜೀಪು ಕೈತಪ್ಪಿದ ಸಂಕಟ ಎಂದುಕೊಂಡಿದ್ದೆವು ನಾವು. ನಾಲ್ಕು ತಿಂಗಳು ಈ ಮನುಷ್ಯನನ್ನು ಕೂರಗೊಡದೆ ಅಟ್ಟಿದ್ದು ಇದು ಎಂದು ನಮಗೆ ಹೊಳೆಯಲೇ ಇಲ್ಲ. ನನಗೆ ನಾಚಿಕೆಯಾಯಿತು.

ಕಾಫಿ ತಂದು ಹಿಂದೆ ನಿಂತಿದ್ದ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲೋಟ ನನ್ನ ಕೈಗಿಟ್ಟು, "ಕೊಡ್ರಿ ಇತ್ಲಾಗೆ" ಎಂದು ರಿಮೋಟು ಕಿತ್ತುಕೊಂಡು, ಕಡ್ಡಿಯನ್ನು ಪೂರ್ತಿ ದೂಡಿಬಿಟ್ಟಳು. ವಿಮಾನ ಎದ್ದಿತು, ತಲೆಕೆಳಗಾಯಿತು, ಶೆಡ್ಡಿನ ಗೋಡೆಗೆ ಬಡಿದು ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ ಬಿತ್ತು.

ಅಕ್ಕ ಭಾವನ ಎದುರಿಗೆ ಕೂತು, ಅವರ ಗಲ್ಲ ಹಿಡಿದು ಮುಖ ಎತ್ತಿದಳು.

"ನಾನೂ ಬೀಳ್ಸಿದೆ, ಸಮ ಆಯ್ತಾ? ಈಗ ನನ್ ಮುಖ ಸರ್ಯಾಗಿ ನೋಡ್ಕಳಿ. ನಂಗೇನಾರ ಆಗೈತಾ?"

ಭಾವ ನೋಡಿದರು. ಬಹಳ ಹೊತ್ತು ನೋಡಿದರು. "ಇಲ್ಲ ಕಣೇ" ಎಂದರು. ಹಾಗೆಂದವರೇ ಅವಳ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.