ಖಾಲಿ ಕೊಕ್ಕೆಯ ಒಡೆಯರಾದ ಒಂಬತ್ತನೇ ಗ್ರಹದವರಿಗೆ

ಮಾನ್ಯ ಒಂಬತ್ತನೇ ಗ್ರಹದವರೇ,

ತಾವು ಇದ್ದರೆ ತಮಗೂ, ಇಲ್ಲದಿದ್ದರೆ ತಮ್ಮ ಖಾಲಿ ಜಾಗಕ್ಕೂ ನನ್ನ ನಮಸ್ಕಾರಗಳು ಸಲ್ಲಲಿ. ನೆಪ್ಚೂನಿನ ಆಚೆ, ಸೂರ್ಯನ ಬೆಳಕು ಬಂದು ಮುಟ್ಟುವಷ್ಟರಲ್ಲಿ ಸುಸ್ತಾಗಿಬಿಡುವ ಕತ್ತಲಲ್ಲಿ, ಯಾರ ಕೈಗೂ ಸಿಗದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ನಾವು ತಮ್ಮ ದೆಸೆಯಿಂದ ಅಷ್ಟೇನೂ ಕ್ಷೇಮವಾಗಿಲ್ಲ.

ನಾನು ಶಾಲೆಗಳಿಗೆ ಸೌರಮಂಡಲದ ಮಾದರಿ ಮಾಡಿಕೊಡುವವನು. ಕಿಟಕಿಯ ಸರಳು ಬೆಸೆಯುತ್ತಿದ್ದವನು ಯಾರ ಶಿಫಾರಸೂ ಇಲ್ಲದೆ ಗ್ರಹಗಳವರೆಗೆ ಏರಿದವನು. ಛಾವಣಿಯಿಂದ ಇಳಿಬಿಟ್ಟ ಒಂದು ಉದ್ದನೆಯ ಕಂಬಿ, ಒಂದು ತುದಿಗೆ ಸೂರ್ಯ, ಆಮೇಲೆ ಸಾಲಾಗಿ ಗ್ರಹಗಳು. ಕಂಬಿಯನ್ನು ಎಲ್ಲಿ ಹಿಡಿದು ತೂಗುಹಾಕಿದರೆ ಅದು ಸಮ ನಿಲ್ಲುತ್ತದೆಂಬುದೇ ಈ ಕಸುಬಿನ ಗುಟ್ಟು. ಪ್ಲೂಟೊವನ್ನು ದೊಡ್ಡವರು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿದಾಗ ನಾವೂ ಅದರ ಗೋಲವನ್ನು ಕಳಚಿ, ಅಳತೆ ಬದಲಿಸಿಕೊಂಡೆವು. ಒಂಬತ್ತು ಗ್ರಹಗಳಿಗೆಂದು ಕಂಬಿಯ ಅಳತೆ ಗುರುತಿಸಿದ್ದ ಹಳೆಯ ಅಚ್ಚು ಮಾತ್ರ ಮೂಲೆಯಲ್ಲೇ ಉಳಿಯಿತು.

ಮೊನ್ನೆ ಒಂದು ದೊಡ್ಡ ಶಾಲೆಯ ಕೆಲಸ ಬಂದಾಗ ನನ್ನ ಭಾವಮೈದ ಆ ಅಚ್ಚನ್ನೇ ಇಟ್ಟುಕೊಂಡು ಕಂಬಿ ಬೆಸೆದುಬಿಟ್ಟ. ಎಂಟು ಗ್ರಹಗಳನ್ನು ಸಿಕ್ಕಿಸಿ ಮೇಲೇರಿಸಿದ್ದೇ ತಡ, ಒಂಬತ್ತನೆಯದರ ಭಾರವಿಲ್ಲದ ಆಚೆಯ ತುದಿ ಚಿಮ್ಮಿ ಮೇಲೆದ್ದು, ಈಚೆ ಸೂರ್ಯ ಸಾಲ ಕೊಟ್ಟವನನ್ನು ಕಂಡವನಂತೆ ತಲೆ ತಗ್ಗಿಸಿದ. ಹೆಡ್‌ಮೇಡಂ ಕತ್ತೆತ್ತಿ ನೋಡಿ, "ಏನ್ರೀ ಇದು, ಸೌರಮಂಡಲಾನೇ ವಾಲಿದೆ? ಬಿಚ್ಕೊಂಡು ಹೋಗಿ" ಎಂದರು. ಅದು ವಾಪಸಾದರೆ ಉಳಿದ ಶಾಲೆಗಳೂ ಕೈಬಿಡುತ್ತಿದ್ದವು. ನಾನು ಮತ್ತೆ ಕಿಟಕಿಯ ಸರಳಿಗೇ ಇಳಿಯಬೇಕಾಗುತ್ತಿತ್ತು.

ಆಗ ಭಾವಮೈದ, ಮುಖದ ಒಂದು ಗೆರೆಯೂ ಅಲುಗದಂತೆ, "ಬೇಕಂತಲೇ ವಾಲಿಸಿರೋದು ಮೇಡಂ. ತುಂಬಾ ದೂರದ ಹಿಮದುಂಡೆಗಳು ಸುತ್ತೋ ದಾರಿ ಒಂದೇ ಕಡೆ ವಾಲಿದೆಯಂತೆ. ಕಾಣದ ಗ್ರಹ ಒಂದು ಎಳೀತಿರಬಹುದು ಅಂತ ಕೆಲವು ವಿಜ್ಞಾನಿಗಳು ಹೇಳ್ತಾರೆ" ಎಂದ. ಅವನ ಪೇಪರು ಓದುವ ಚಟ ನಮಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮೇಡಂ ಕರಗಿದರು. ಕರಗಿ, "ಹಾಗಾದ್ರೆ ಅದನ್ನೂ ಹಾಕಿ. ಬಣ್ಣ ಯಾವುದು?" ಎಂದರು.

ಮಾನ್ಯರೇ, ನನ್ನ ದೂರು ಇಷ್ಟೇ. ತಾವು ಭೂಮಿಗಿಂತ ಹಲವು ಪಟ್ಟು ಭಾರವಂತೆ, ಸೂರ್ಯನನ್ನು ಒಂದು ಸುತ್ತು ಹಾಕಲು ಸಾವಿರಾರು ವರ್ಷ ಬೇಕಂತೆ; ಇಷ್ಟೆಲ್ಲ ಊಹೆಗೆ ಬಿಟ್ಟುಕೊಟ್ಟವರು ಬಣ್ಣವೊಂದನ್ನು ಮುಚ್ಚಿಟ್ಟರೆ ಕುಂಚ ಹಿಡಿದವನು ಏನು ಮಾಡಬೇಕು? ಒಮ್ಮೆ ಮುಖ ತೋರಿಸಿ, ಇಲ್ಲವೇ ತಾವು ಇಲ್ಲವೆಂದು ತಾವೇ ಸಹಿ ಹಾಕಿ ಕಳುಹಿಸಿ ಎಂದು ಕೇಳಲೆಂದೇ ಈ ಪತ್ರಕ್ಕೆ ಕೂತೆ.

ಅಷ್ಟರಲ್ಲಿ ಕಥೆಯೇ ತಿರುಗಿತು. ಸದ್ಯಕ್ಕಿರಲೆಂದು ಮೇಲೆದ್ದ ಆಚೆಯ ತುದಿಗೆ ಬರೀ ಕೊಕ್ಕೆ ಸಿಕ್ಕಿಸಿದ್ದೆವು. ಒಬ್ಬ ಪುಟ್ಟ ಹುಡುಗಿ ಅದರ ಕೆಳಗೆ ನಿಂತು, "ಏಯ್, ಮೇಲಿಂದ ಯಾರೋ ಎಳೀತಿದಾರೆ ಕಣ್ರೋ!" ಎಂದು ಕೂಗಿದಳಂತೆ. ಇಡೀ ತರಗತಿ ಶನಿಯ ಬಳೆಗಳನ್ನು ಬಿಟ್ಟು ಖಾಲಿ ಕೊಕ್ಕೆಯ ಕೆಳಗೆ ಜಮಾಯಿಸಿತು. "ಹಾಗೇ ಇರಲಿ, ಯಾರೂ ಮುಟ್ಟಬೇಡಿ" ಎಂದು ಮೇಡಂ ಅಪ್ಪಣೆ ಕೊಟ್ಟರು. ಈಗ ಅಕ್ಕಪಕ್ಕದ ಶಾಲೆಯವರಿಗೂ ವಾಲಿದ್ದೇ ಬೇಕು. ಕೋಪದಲ್ಲಿ ಹಳೆಯ ಅಚ್ಚನ್ನು ಗುಜರಿಗೆ ಎಸೆದಿದ್ದ ನಾನು, ಈಗ ಗುಜರಿಯವನ ಅಂಗಡಿಯಲ್ಲಿ ಮಂಡಿಯೂರಿ ಹುಡುಕುತ್ತಿದ್ದೇನೆ.

ಆದ್ದರಿಂದ ಮೇಲಿನ ಕೋರಿಕೆಯನ್ನು ಹಿಂತೆಗೆದುಕೊಂಡಿದ್ದೇನೆ. ದಯವಿಟ್ಟು ಇದ್ದಲ್ಲೇ ಇರಿ. ದೂರದರ್ಶಕ ಏನಾದರೂ ತಮ್ಮ ಕಡೆ ತಿರುಗಿದರೆ ತುಸು ಪಕ್ಕಕ್ಕೆ ಸರಿದುಕೊಳ್ಳಿ. ಕಂಡುಬಿಟ್ಟರೆ ತಾವೂ ಬಣ್ಣ ಬಳಿದ ಇನ್ನೊಂದು ಗೋಲ ಅಷ್ಟೇ. ಕಾಣದಿರುವವರೆಗೆ ಮಕ್ಕಳು ಕತ್ತೆತ್ತಿ ಹುಡುಕುವುದು ತಮ್ಮನ್ನೇ.

ತಾವು ಇದ್ದರೂ ಇಲ್ಲದಿದ್ದರೂ
ತಮ್ಮ ವಿಶ್ವಾಸಿ,
ಗ್ರಹ ತೂಗುಹಾಕುವವನು

ಮರೆತ ಮಾತು: ಬಂದೇ ತೀರುವ ಹಟವಿದ್ದರೆ ಒಂದು ವಿಷಯ ತಿಳಿದಿರಲಿ. ಹಿಂದಿನ ಒಂಬತ್ತನೆಯವರಾದ ಪ್ಲೂಟೊ ಈಗ ನಮ್ಮ ಶೆಡ್ಡಿನ ಬಾಗಿಲು ಬಡಿದುಕೊಳ್ಳದಂತೆ ಒತ್ತುಕೊಟ್ಟು ಕೂತಿದ್ದಾರೆ. ತಮ್ಮ ಕೊಕ್ಕೆಯನ್ನೂ ನಾವು ಬೆಸೆದಿಲ್ಲ. ಬರೀ ತಿರುಪು ಹಾಕಿದ್ದೇವೆ.