ಎರಡನೇ ಕೀ ಯಾರ ಹತ್ರ ಇದೆ?

ನಮ್ಮ ಕೌಂಟರಿಗೆ ನಗುತ್ತಾ ಬರುವವರು ಕಡಿಮೆ. ಬೈಕಿನ ಕೀ ಕಳೆದುಕೊಂಡವನು ಯಾಕೆ ನಗುತ್ತಾನೆ? ಆದರೂ ವಾರಕ್ಕೊಂದಾದರೂ ನಗುವಂಥದ್ದು ಅಲ್ಲಿ ನಡೆದೇ ನಡೆಯುತ್ತದೆ. ಮನೆಗೆ ಹೋಗಿ ಹೇಳಿಕೊಳ್ಳಲು ಯಾರಾದರೂ ಇದ್ದಿದ್ದರೆ ಅಂದಂದಿನದು ಅಂದಂದಿಗೆ ಮುಗಿದುಹೋಗುತ್ತಿತ್ತು. ಯಾರೂ ಇಲ್ಲದ್ದರಿಂದ ಒಂದಷ್ಟು ಕೂಡಿಬಿದ್ದಿವೆ. ಅವನ್ನೇ ಇಲ್ಲಿ ಹೇಳುತ್ತಿದ್ದೇನೆ.

ಸಹಕಾರನಗರದ ಒಂದು ಬೈಕ್ ಸರ್ವೀಸ್ ಸೆಂಟರಿನ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ ಕೂರುವುದು ನನ್ನ ಕೆಲಸ. ನಮ್ಮಲ್ಲಿ ಮಾರುವ ಕೆಲವು ಬೈಕುಗಳ ಕೀಯೊಳಗೆ ಒಂದು ಚಿಪ್ ಇರುತ್ತದೆ. ನೋಡಲು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಆ ಚಿಪ್ಪನ್ನು ಗುರುತು ಹಿಡಿದರೆ ಮಾತ್ರ ಗಾಡಿ ಸ್ಟಾರ್ಟ್ ಆಗುತ್ತದೆ. ಹೊಸ ಗಾಡಿಯ ಜೊತೆ ಮೂರು ಕೀ ಕೊಡುತ್ತೇವೆ. ಎರಡು ಕಪ್ಪು, ಒಂದು ಕೆಂಪು. ಕಪ್ಪು ದಿನಬಳಕೆಗೆ. ಹೊಸ ಕೀ ಮಾಡಿಸಿದಾಗ ಅದನ್ನು ಗಾಡಿಗೆ ಪರಿಚಯ ಮಾಡಿಸುವುದಷ್ಟೇ ಕೆಂಪು ಕೀಯ ಕೆಲಸ. ಅದಕ್ಕೆ ನಾವು ಇಟ್ಟಿರುವ ಹೆಸರು ತಾಯಿ ಕೀ. ಮಾತಿನ ಭರದಲ್ಲಿ ಬರೀ ‘ತಾಯಿ’ ಅಂದುಬಿಡುತ್ತೇವೆ.

ಕೀ ಕಳೆದುಕೊಂಡು ಬಂದವರನ್ನು ನಾನು ಮೊದಲು ಕೇಳುವುದು, “ಎರಡನೇ ಕೀ ಯಾರ ಹತ್ರ ಇದೆ?” ಫಾರಂನಲ್ಲೂ ಅದಕ್ಕೊಂದು ಗೆರೆ ಬಿಟ್ಟಿದ್ದಾರೆ. ಹೆಂಡತಿ ಹತ್ತಿರ, ಅಣ್ಣನ ಹತ್ತಿರ, ರೂಮಿನವನ ಹತ್ತಿರ ಎಂದು ಪ್ರತಿಯೊಬ್ಬರಿಗೂ ಒಂದು ಉತ್ತರ ಇರುತ್ತದೆ. ನಾನು ಬರೆದುಕೊಳ್ಳುತ್ತೇನೆ. ನನ್ನ ಮನೆಯ ಎರಡನೇ ಕೀ ನನ್ನ ಹೆಂಡತಿಯ ಹತ್ತಿರ ಇರುತ್ತಿತ್ತು. ಅವಳು ತೀರಿಕೊಂಡ ಮೇಲೆ ಆರ್.ಟಿ. ನಗರದ ಮನೆ ಬಿಟ್ಟು ಬಾಗಲಗುಂಟೆಯಲ್ಲಿ ಒಂದು ಸಣ್ಣ ಮನೆ ಹಿಡಿದೆ. ಓನರು ಎರಡು ಕೀ ಕೊಟ್ಟರು. ಎರಡನ್ನೂ ಒಂದೇ ರಿಂಗಿಗೆ ಹಾಕಿಕೊಂಡೆ. ಬೇರೆ ಎಲ್ಲಿ ಹಾಕಲಿ?

ಗುರುತು ಸಿಗದ ಯಜಮಾನ

ಬಾಗಲೂರಿನ ಕಡೆಯಿಂದ ಒಬ್ಬರು ಟೆಂಪೊದಲ್ಲಿ ಬೈಕು ಹೇರಿಕೊಂಡು ಬಂದರು. ಜೊತೆಗೆ ಅವರ ಹೆಂಡತಿ. ಆಕೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಸುಮ್ಮನೆ ಕೂತರು.

ಯಜಮಾನರು ಕೀ ಕಳೆದುಕೊಂಡು, ಊರಲ್ಲೇ ಇನ್ನೊಂದು ಕೆತ್ತಿಸಿದ್ದರು. “ಕೀ ತಿರುಗ್ತದೆ ಸಾ, ಲೈಟ್ ಉರೀತದೆ, ಹಾರ್ನೂ ಒಡೀತದೆ. ಸ್ಟಾರ್ಟ್ ಮಾತ್ರ ಆಗಾಕಿಲ್ಲ” ಅಂದರು. ಮೊದಲು ಬ್ಯಾಟರಿ ಬದಲಾಯಿಸಿದ್ದರು. ಆಮೇಲೆ ಪ್ಲಗ್ಗು. ಆಮೇಲೆ ದೃಷ್ಟಿಯಾಗಿದೆ ಅಂತ ಪೂಜಾರಪ್ಪನನ್ನು ಕರೆಸಿ, ಬೂದುಗುಂಬಳ ಒಡೆಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಗಾಡಿ ತಳ್ಳಿದ್ದರು. ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ.

“ಈ ಕೀನಲ್ಲಿ ಚಿಪ್ ಇಲ್ಲ ಯಜಮಾನ್ರೆ. ಅದಕ್ಕೇ ಗಾಡಿಗೆ ಗುರುತು ಸಿಗ್ತಿಲ್ಲ” ಅಂದೆ.

ಅವರು ಗಾಡಿಯನ್ನು ಬಹಳ ಹೊತ್ತು ನೋಡಿದರು. “ಮೂರ್ ವರ್ಸದಿಂದ ನಾನೇ ತೊಳ್ದು ಒರ್ಸಿವ್ನಿ ಸಾ. ನನ್ ಗುರ್ತು ಸಿಗಾಕಿಲ್ವಾ ಇದ್ಕೆ?”

“ಅದಕ್ಕೆ ಮನುಷ್ಯರ ಗುರುತು ಸಿಗಲ್ಲ, ಕೀದು ಮಾತ್ರ” ಅಂತ ಸಮಾಧಾನ ಮಾಡಿ ಫಾರಂ ತೆಗೆದೆ. “ಎರಡನೇ ಕೀ ಯಾರ ಹತ್ರ ಇದೆ?”

ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದಾಗ ಬೆಂಚಿನ ಮೇಲಿದ್ದ ಆಕೆ ಎದ್ದು ಬಂದು, ಬ್ಯಾಗಿನ ಒಳಜೇಬಿನಿಂದ ಕಪ್ಪು ಕೀ ತೆಗೆದು ಕೌಂಟರಿನ ಮೇಲಿಟ್ಟರು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

“ನಿನ್ ಹತ್ರ ಇದ್ರೆ ಮೊದ್ಲೇ ಕೊಡಾದಲ್ವೇನೇ?” ಯಜಮಾನರು ಗುಡುಗಿದರು.

“ಕೇಳಿದ್ರಾ? ಬ್ಯಾಟ್ರಿ ಅಂಗ್ಡಿಯವ್ನ ಕೇಳಿದ್ರಿ, ಪೂಜಾರಪ್ಪನ ಕೇಳಿದ್ರಿ. ನನ್ನ ಕೇಳ್ನಿಲ್ಲ.”

ಭದ್ರತೆ

ಇನ್ನೊಬ್ಬರು ಇಸ್ತ್ರಿ ಮಾಡಿದ ಅಂಗಿಯ, ಬಹಳ ಅಚ್ಚುಕಟ್ಟಿನ ಮನುಷ್ಯ. ಹೆಬ್ಬಾಳದವರು, ಬೈಕ್ ಕೀ ಕಳೆದುಕೊಂಡು ಬಂದಿದ್ದರು. ತಾಯಿ ಕೀ ಎಲ್ಲಿದೆ ಅಂತ ಕೇಳಿದೆ.

“ಅದರ ಬಗ್ಗೆ ಯೋಚ್ನೆನೇ ಬೇಡ ಸಾರ್. ಬ್ಯಾಂಕ್ ಲಾಕರಲ್ಲಿಟ್ಟಿದ್ದೀನಿ.”

ಇಷ್ಟು ಜವಾಬ್ದಾರಿ ಇರುವವರನ್ನು ನೋಡಿ ಎಷ್ಟು ದಿನವಾಯಿತು ಅಂತ ಖುಷಿಯಾಯಿತು. “ಹಾಗಾದ್ರೆ ಈಗಲೇ ಹೋಗಿ ತಗೊಂಡ್ ಬನ್ನಿ ಸಾರ್.”

“ತರೋಕೆ ಲಾಕರ್ ಕೀ ಬೇಕಲ್ಲ.”

“ಅದೆಲ್ಲಿದೆ?”

“ಬೈಕ್ ಕೀ ಗೊಂಚಲಲ್ಲೇ ಇತ್ತು ಸಾರ್.”

ಮರೆಸಿಕೊಡಿ

ತಾಯಿ ಕೀ ಹಾಕಿ ಗಾಡಿಗೆ ಹೊಸದಾಗಿ ಪಾಠ ಹೇಳುವಾಗ, ಎದುರಿಗಿರುವ ಕೀಗಳನ್ನು ಮಾತ್ರ ಅದು ನೆನಪಿಟ್ಟುಕೊಳ್ಳುತ್ತದೆ. ಎದುರಿಗಿಲ್ಲದ್ದನ್ನು ಮರೆತುಬಿಡುತ್ತದೆ. ಕಳೆದುಹೋದ ಕೀ ಯಾರ ಕೈಗೋ ಸಿಕ್ಕಿ ಗಾಡಿ ಕಳುವಾಗದಿರಲಿ ಅಂತ ಈ ಏರ್ಪಾಡು. ಯಲಹಂಕದ ಒಬ್ಬ ಯುವಕ ಇದನ್ನು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದ.

“ಎರಡನೇ ಕೀ ಯಾರ ಹತ್ರ ಇದೆ?”

“ಅವ್ಳ ಹತ್ರ. ಈಗ ಮಾತಿಲ್ಲ ಸಾರ್. ಆ ಕೀನ ಗಾಡಿ ಮರೆತುಹೋಗೋ ಹಾಗೆ ಮಾಡ್ಕೊಡಿ.”

ಕೆಂಪು ಕೀ ಹಾಕಿದೆ, ತೆಗೆದೆ. ಅವನ ಕಪ್ಪು ಕೀ ಹಾಕಿದೆ, ತೆಗೆದೆ. ಒಂದು ನಿಮಿಷವೂ ಆಗಲಿಲ್ಲ.

“ಇಷ್ಟೇನಾ?”

“ಇಷ್ಟೇ.”

ಅವನು ಗಾಡಿಯ ಸೀಟಿನ ಮೇಲೆ ಕೈಯಿಟ್ಟು ನಿಂತ. “ಗಾಡಿಗೆ ಎಷ್ಟ್ ಸುಲಭ ಅಲ್ವಾ ಸಾರ್?” ಅಂದ. ನನಗೂ ಹಾಗೇ ಅನಿಸಿತ್ತು. ಆ ದಿನ ಮಧ್ಯಾಹ್ನದ ಡಬ್ಬಿ ಬಿಚ್ಚಲು ನನಗೆ ಮನಸ್ಸಾಗಲಿಲ್ಲ.

ಮೂರು ವಾರ ಕಳೆದಿರಬೇಕು. ಅದೇ ಯುವಕ ಮತ್ತೆ ಬಂದ. ಈ ಸಲ ಹಿಂದೆ ಒಬ್ಬ ಹುಡುಗಿ ಕೂತಿದ್ದಳು. ಅವಳ ಕೈಯಲ್ಲಿ ಗಾಡಿ ಮರೆತಿದ್ದ ಆ ಕಪ್ಪು ಕೀ.

“ವಾಪಸ್ ಸೇರಿಸ್ಬಿಡಿ ಸಾರ್” ಎಂದು ಅವನು ನೆಲ ನೋಡುತ್ತಾ ಹೇಳಿದ.

ಸೇರಿಸಿದೆ. ಕೆಂಪು ಕೀಯನ್ನು ಅವನಿಗೆ ಕೊಡಲು ಹೋದಾಗ ಹುಡುಗಿ ಮಧ್ಯೆ ಕೈ ಚಾಚಿ ತೆಗೆದುಕೊಂಡಳು.

“ಇದು ನನ್ ಹತ್ರ ಇರ್ಲಿ ಅಂಕಲ್. ಇನ್ಮೇಲೆ ಯಾರನ್ನ ಸೇರಿಸ್ಬೇಕು, ಯಾರನ್ನ ಬಿಡ್ಬೇಕು ಅಂತ ನಾನ್ ಹೇಳ್ತೀನಿ.”

ತಾಯಿ ಇದೆಯಾ?

ಯಶವಂತಪುರದಿಂದ ಒಬ್ಬರು ಫೋನ್ ಮಾಡಿದರು. ಎರಡೂ ಕಪ್ಪು ಕೀ ಕಳೆದಿವೆ, ಏನು ಮಾಡಬೇಕು ಅಂತ. ನನ್ನೆದುರು ನಾಲ್ಕು ಜನ ಕಾಯುತ್ತಿದ್ದರು.

“ತಾಯಿ ಇದೆಯಾ?” ಅಂದೆ.

“ಇದ್ದಾರೆ.”

ಕೀಗೂ ಬಹುವಚನ ಕೊಡುವ ಮರ್ಯಾದಸ್ಥ ಇರಬೇಕು ಅಂದುಕೊಂಡೆ. “ಎಲ್ಲೂ ಕಳ್ಕೊಂಡಿಲ್ಲ ತಾನೆ?”

“ಇಲ್ಲ ಸಾರ್. ಅಡುಗೆಮನೇಲಿದ್ದಾರೆ.”

ಕೀಯನ್ನು ಬೇಳೆ ಡಬ್ಬಿಯಲ್ಲಿಡುವವರನ್ನೂ ನಾನು ನೋಡಿದ್ದೇನೆ. “ಸರಿ, ನಾಳೆ ಗಾಡಿ ಜೊತೆ ತಗೊಂಡ್ ಬನ್ನಿ. ತಾಯಿ ಇಲ್ದೆ ಕೆಲಸ ಆಗಲ್ಲ. ಹತ್ತೇ ನಿಮಿಷ, ಆಮೇಲೆ ವಾಪಸ್ ತಗೊಂಡ್ ಹೋಗ್ಬಹುದು.”

“ಬರ್ಲೇಬೇಕಾ ಸಾರ್? ಫೋಟೊ ತಂದ್ರೆ ನಡೆಯಲ್ವಾ?”

“ಫೋಟೊ ಇಟ್ಕೊಂಡ್ ನಾನೇನ್ ಮಾಡ್ಲಿ? ತಾಯಿನೇ ಬೇಕು.”

ಮರುದಿನ ಟೆಂಪೊದಲ್ಲಿ ಗಾಡಿ ಬಂತು. ಅದರ ಹಿಂದೆ ಆಟೊದಲ್ಲಿ ತಾಯಿ ಬಂದರು. ಜರಿಯಂಚಿನ ಸೀರೆ, ಮುಡಿಯಲ್ಲಿ ಹೂವು, ಕೈಯಲ್ಲಿ ಆಧಾರ್ ಕಾರ್ಡು, ರೇಷನ್ ಕಾರ್ಡು, ಎರಡು ಫೋಟೊ. ಎದುರಿನ ಕುರ್ಚಿಯಲ್ಲಿ ಕೂತು ಕೇಳಿದರು, “ಎಲ್ಲಿ ಸೈನ್ ಹಾಕ್ಬೇಕಪ್ಪ? ಗಾಡಿ ನನ್ ಹೆಸರಲ್ಲೇ ಇರೋದು.”

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಕ್ಷಮೆ ಕೇಳಿ, ಮಾದರಿಗೆಂದು ಇಟ್ಟಿದ್ದ ಕೆಂಪು ಕೀ ತೋರಿಸಿ, ತಾಯಿ ಅಂದರೆ ಇದು ಅಂತ ವಿವರಿಸಿದೆ. ಫೋನ್ ಮಾಡಿದ್ದ ಮಗನ ಮುಖ ಇಂಗು ತಿಂದ ಮಂಗನಂತಾಯಿತು. ಮನೆಯಲ್ಲಿ ಅಂಥದ್ದೊಂದು ಇದ್ದದ್ದೇ ಅವನಿಗೆ ನೆನಪಿರಲಿಲ್ಲ.

“ಅಯ್ಯೋ, ಇದಾ?” ಅನ್ನುತ್ತಾ ಆಕೆ ಸೊಂಟಕ್ಕೆ ಸಿಕ್ಕಿಸಿದ್ದ ಗೊಂಚಲು ತೆಗೆದರು. ಬೀರುವಿನ ಕೀಗೂ ದೇವರಮನೆಯ ಕೀಗೂ ನಡುವೆ ಕೆಂಪು ಕೀ ಇತ್ತು. ಮೊದಲ ದಿನದ ಪೂಜೆಯ ಅರಿಶಿನ ಕುಂಕುಮ ಇನ್ನೂ ಅದರ ಸಂದಿಯಲ್ಲಿ ಒಣಗಿ ಕೂತಿತ್ತು. “ಇವನು ಕಳೀತಾನೆ ಅಂತ ನಾನೇ ಇಟ್ಕೊಂಡಿದ್ದೆ.”

ಒಳಗೆ ಕೆಲಸ ನಡೆಯುವಷ್ಟು ಹೊತ್ತು ಆಕೆ ನನ್ನೆದುರೇ ಕೂತಿದ್ದರು. ಬಂದವರನ್ನೆಲ್ಲ ನಾನು ಕೇಳುವುದನ್ನು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಶುರು ಮಾಡಿದರು.

“ಮದುವೆ ಆಗಿದ್ಯಾಪ್ಪ?”

“ಆಗಿತ್ತಮ್ಮ.”

‘ಆಗಿತ್ತು’ ಅಂದದ್ದು ಅವರಿಗೆ ಸಾಕಾಯಿತು. “ಮಕ್ಕಳು?”

“ಇಲ್ಲಮ್ಮ.”

“ಹಂಗಾದ್ರೆ ನಿಮ್ ಮನೆ ಎರಡನೇ ಕೀ ಯಾರ ಹತ್ರ ಇದೆ?”

ಅಷ್ಟು ವರ್ಷಗಳಲ್ಲಿ ಆ ಪ್ರಶ್ನೆಯನ್ನು ನನಗೆ ತಿರುಗಿಸಿ ಕೇಳಿದವರು ಅವರೊಬ್ಬರೇ. ಜೇಬಿನಿಂದ ರಿಂಗು ತೆಗೆದು ತೋರಿಸಿದೆ.

“ಎರಡೂ ಒಂದರಲ್ಲೇ ಇಟ್ಟಿದ್ದೀರಲ್ಲ. ಕಳೆದ್ರೆ?”

“ಕಳೆಯಲ್ಲಮ್ಮ. ನನ್ನ ಕೆಲಸನೇ ಇದು.”

ಆಕೆ ಮಗನ ಕಡೆ ಬೆರಳು ತೋರಿಸಿದರು. “ಅವನೂ ಹಿಂಗೇ ಹೇಳ್ತಿದ್ದ.”

ಹೆಲ್ಮೆಟ್ಟಿನವರು

ಆ ತಾಯಿಯ ಬಾಯಲ್ಲಿ ಏನಿತ್ತೋ. ಮುಂದಿನ ಭಾನುವಾರ ಬೆಳಿಗ್ಗೆ ಲುಂಗಿ ಬನಿಯನ್ನಿನಲ್ಲಿ ಅರ್ಧ ಲೀಟರ್ ಹಾಲು ತರಲು ಹೋಗಿದ್ದೆ. ಬಾಗಿಲು ಬರೀ ಮುಂದೆ ಮಾಡಿದ್ದೆ. ಎಳೆದರೆ ತಾನಾಗಿ ಬೀಗ ಬೀಳುವಂಥ ಬಾಗಿಲು ಅದು. ವಾಪಸ್ ಬರುವಷ್ಟರಲ್ಲಿ ಗಾಳಿ ಅದನ್ನು ಹಾಕಿಕೊಂಡುಬಿಟ್ಟಿತ್ತು. ರಿಂಗು ಒಳಗೆ ಮೊಳೆಯ ಮೇಲೆ. ಫೋನು ಒಳಗೆ ಹಾಸಿಗೆಯ ಮೇಲೆ.

ಬೀದಿಯ ಕೊನೆಯಲ್ಲಿ ಛತ್ರಿಯ ಕೆಳಗೆ ಕೂತು ಕೀ ಮಾಡುವ ಒಬ್ಬ ಸಾಬರಿದ್ದರು. ಇಂಥವರ ಹತ್ತಿರ ಹೋಗಬೇಡಿ ಅಂತ ನಾನು ಗಿರಾಕಿಗಳಿಗೆ ಉಪದೇಶ ಮಾಡುತ್ತಾ ಬಂದವನು. ಹಾಲಿನ ಪ್ಯಾಕೆಟ್ ಹಿಡಿದು ಅವರೆದುರು ನಿಂತೆ. ಪೆಟ್ಟಿಗೆ ಎತ್ತಿಕೊಂಡು ಬಂದರು. ಬಾಗಿಲು ನೋಡಿ ಅವರು ಕೇಳಿದ ಮೊದಲ ಮಾತು ಏನೆಂದು ನೀವೇ ಊಹಿಸಬಹುದು.

“ಡೂಪ್ಲಿಕೇಟ್ ಯಾರ್ ಹತ್ರ ಇದೆ ಸಾರ್?”

“ಒಳಗಿದೆ.”

“ಒರಿಜಿನಲ್?”

“ಅದರ ಜೊತೇಲೇ.”

“ಅಂದ್ರೆ ಅವೆರಡೂ ಜೋಡಿಯಾಗಿ ಒಳಗೆ, ನೀವೊಬ್ರೇ ಹೊರಗೆ” ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಪೆಟ್ಟಿಗೆ ತೆರೆಯದೆ ಹೇಳಿದರು, “ಬೇಜಾರ್ ಮಾಡ್ಕೋಬೇಡಿ. ಈ ಮನೆ ನಿಮ್ದೇ ಅಂತ ಯಾರಾದ್ರೂ ಹೇಳ್ಬೇಕು. ಗುರ್ತಿಲ್ದೆ ನಾನು ಬೀಗ ಮುಟ್ಟಲ್ಲ.”

ಗಾಡಿಯ ದಾಖಲೆ ತೋರಿಸದವರಿಗೆ ನಾನೂ ಇದನ್ನೇ ಹೇಳುತ್ತೇನೆ. ಓನರು ಇರುವುದು ಬೇರೆ ಏರಿಯಾದಲ್ಲಿ, ಅವರ ನಂಬರು ಒಳಗಿನ ಫೋನಿನಲ್ಲಿ. ಎದುರು ಮನೆಯಾಕೆ ಬಾಗಿಲಿಗೆ ನೀರು ಹಾಕುತ್ತಿದ್ದರು. ಅವರನ್ನೇ ಕರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇವ್ರನ್ನ ನೋಡಿದಂಗಿಲ್ಲ” ಅಂದರು.

“ನಾಲ್ಕು ವರ್ಷದಿಂದ ಇದೇ ಮನೇಲಿದ್ದೀನಮ್ಮ.”

“ಆ ಮನೆಯವ್ರು ಬೆಳಿಗ್ಗೆ ಹೆಲ್ಮೆಟ್ ಹಾಕ್ಕೊಂಡ್ ಹೋಗ್ತಾರೆ, ಸಂಜೆ ಹೆಲ್ಮೆಟ್ ಹಾಕ್ಕೊಂಡ್ ಬಂದು ಒಳಗೆ ಹೋಗ್ಬಿಡ್ತಾರೆ. ಮುಖ ಯಾರ್ ನೋಡಿದ್ದಾರೆ?”

ಅವರು ಹೇಳಿದ್ದು ನಿಜ. ಮನೆಯೊಳಗೆ ಹೋಗಿ ಬಾಗಿಲು ಹಾಕಿದ ಮೇಲೇ ನಾನು ಹೆಲ್ಮೆಟ್ ತೆಗೆಯುವುದು. ದಾರಿಯಲ್ಲಿ ಯಾರೂ ಮಾತಾಡಿಸದಿದ್ದರೆ ಒಳ್ಳೆಯದು ಅಂತ ಶುರುವಾದದ್ದು, ಕೊನೆಗೆ ಯಾರೂ ಮಾತಾಡಿಸದೇ ಇರುವಲ್ಲಿಗೆ ಬಂದು ನಿಂತಿತ್ತು.

ಹಿಂದಿನ ರಾತ್ರಿ, ಮಳೆಗೆ ನೆನೆದಿದ್ದ ಆ ಹೆಲ್ಮೆಟ್ಟನ್ನು ಒಣಗಲೆಂದು ಹೊರಗೆ ಗಾಡಿಯ ಕನ್ನಡಿಗೆ ಸಿಕ್ಕಿಸಿದ್ದೆ. ಹಳೆಯದೆಂದು ಯಾರೂ ಮುಟ್ಟಿರಲಿಲ್ಲ. ಸಾಬರು ಅದನ್ನು ತಂದು ನನ್ನ ಕೈಗೆ ಕೊಟ್ಟರು. “ಹಾಕ್ಕೊಳ್ಳಿ ಸಾರ್.”

ಲುಂಗಿ, ಬನಿಯನ್ನು, ಹಾಲಿನ ಪ್ಯಾಕೆಟ್ಟು, ತಲೆಗೆ ಹೆಲ್ಮೆಟ್ಟು.

“ಆ ಕಡೆ ತಿರುಗಿ” ಅಂದರು ಎದುರು ಮನೆಯಾಕೆ. ತಿರುಗಿದೆ.

“ಸ್ವಲ್ಪ ನಡೀರಿ.” ಗೇಟಿನ ತನಕ ನಡೆದೆ.

“ಹಾಂ, ಇವ್ರೇ. ಬಾಗಿಲು ತೆಗೀರಿ ಪಾಪ.”

ಸಾಬರು ಮಾತು ಮುಗಿಯುವಷ್ಟರಲ್ಲಿ ಬಾಗಿಲು ತೆಗೆದರು. ನಾನು ಒಳಗೆ ಹೋದವನೇ ಮೊಳೆಯಿಂದ ರಿಂಗು ಇಳಿಸಿ, ಎರಡು ಕೀಗಳನ್ನು ಬೇರೆ ಮಾಡಲು ಕೂತೆ. ನಾಲ್ಕು ವರ್ಷದಿಂದ ಬಿಚ್ಚದ ರಿಂಗು, ಉಗುರು ಸೀಳಿತು. ಹೆಲ್ಮೆಟ್ ತೆಗೆಯುವುದನ್ನೂ ಮರೆತು ರಸ್ತೆ ದಾಟಿ ಎದುರು ಮನೆಗೆ ಹೋಗಿ, “ಎರಡನೇ ಕೀ ಅಮ್ಮ. ನಿಮ್ಮ ಹತ್ರ ಇರ್ಲಿ” ಅಂದೆ. ಅವರು ಏನೂ ವಿಶೇಷ ಇಲ್ಲವೆಂಬಂತೆ ಅದನ್ನು ತೆಗೆದುಕೊಂಡು ಬಾಗಿಲ ಪಕ್ಕದ ಮೊಳೆಗೆ ಹಾಕಿದರು.

ಮರುದಿನ ಸಂಜೆ, ಇನ್ನು ಮೇಲಾದರೂ ನನ್ನ ಮುಖ ಗೊತ್ತಿರಲಿ ಅಂತ ಬೀದಿಯ ತಿರುವಿನಲ್ಲೇ ಗಾಡಿ ಆಫ್ ಮಾಡಿದೆ. ಹೆಲ್ಮೆಟ್ ತೆಗೆದು, ತಲೆ ಬಾಚಿಕೊಂಡು, ಗಾಡಿ ತಳ್ಳಿಕೊಂಡು ಬಂದೆ. ಆಕೆ ಗೇಟಿನಲ್ಲೇ ನಿಂತಿದ್ದರು. ನಾನು ನಕ್ಕು ಕೈಯೆತ್ತಿದೆ. ಅವರು ನಗಲಿಲ್ಲ.

“ಯಾರ್ ಬೇಕಿತ್ತು? ಆ ಮನೆಯವ್ರು ಇನ್ನೂ ಬಂದಿಲ್ಲ. ಅವ್ರ ಕೀ ನನ್ ಹತ್ರಾನೇ ಇದೆ, ಆದ್ರೆ ಗುರ್ತಿಲ್ದೋರಿಗೆ ಕೊಡಲ್ಲ.”

ನನ್ನ ಮನೆಯನ್ನು ಇಷ್ಟು ಜೋಪಾನವಾಗಿ ಯಾರಾದರೂ ಕಾದು ಬಹಳ ಕಾಲವಾಗಿತ್ತು. ಮತ್ತೆ ಹೆಲ್ಮೆಟ್ ಹಾಕಿಕೊಂಡೆ.